ಬೆಳಕಿಗೆ ಬಿಟ್ಟ ಜಾಗ

(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಮನೆಯ ದುರಸ್ತಿಯ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ನಮ್ಮನ್ನು ಕೇಳಿಕೊಂಡರು. ನಾವು ಎಂಜಿನಿಯರರಲ್ಲ, ಗವಂಡಿ ಕೆಲಸ ಬಲ್ಲವರೂ ಅಲ್ಲ. ಮೂವತ್ತು ವರ್ಷ ಲೆಕ್ಕದ ಪುಸ್ತಕ ಬರೆದು ನಿವೃತ್ತರಾದ ಕಾರಕೂನರು. ಈ ಸಭೆಯಲ್ಲಿ ಕುಳಿತಿರುವ ಗವಂಡಿಗಳಿಗೂ ಸೆಂಟ್ರಿಂಗ್ ಕೆಲಸದವರಿಗೂ ಮನೆ ಕಟ್ಟುವ ವಿಷಯ ನಮಗಿಂತ ಹೆಚ್ಚು ಗೊತ್ತು. ಆದರೂ ನಮ್ಮ ಮನೆಯಲ್ಲಿ ನಡೆದುದನ್ನು ನಡೆದ ಹಾಗೆ ಹೇಳಿದರೆ ಕೆಲವರಿಗಾದರೂ ಉಪಯೋಗವಾದೀತು ಎಂದು ಒಪ್ಪಿಕೊಂಡೆವು. ಮಾತಿನುದ್ದಕ್ಕೂ ‘ನಾವು’ ಎಂದೇ ಹೇಳುತ್ತೇವೆ, ಅದು ದೊಡ್ಡಸ್ತಿಕೆಯಿಂದಲ್ಲ. ಈ ಕೆಲಸವನ್ನು ಮನೆಯ ಏಳು ಜನ ಕೂಡಿ ಮಾಡಿದೆವು. ಜಗಳವನ್ನೂ ಏಳು ಜನ ಕೂಡಿಯೇ ಆಡಿದೆವು.

ನಮ್ಮ ತಂದೆಯವರು ವಿಜಯಪುರ ಜಿಲ್ಲೆಯಿಂದ ಪುಣೆಗೆ ನೌಕರಿಗಾಗಿ ಬಂದವರು. ಮೊದಲು ನಾರಾಯಣ ಪೇಠೆಯ ಒಂದು ಹಳೆಯ ವಾಡೆಯಲ್ಲಿ ಬಾಡಿಗೆಯ ಖೋಲಿ ಹಿಡಿದಿದ್ದರು. ೧೯೬೧ನೆಯ ಇಸವಿ ಜುಲೈ ೧೨ರಂದು ಪಾನಶೆತ್ ಆಣೆಕಟ್ಟು ಒಡೆದು ಮುಠಾ ನದಿಗೆ ಮಹಾಪೂರ ಬಂದಿತು. ದಂಡೆಯ ಪೇಠೆಗಳಲ್ಲಿ ಮಣ್ಣಿನಲ್ಲಿ ಕಟ್ಟಿದ ಎಷ್ಟೋ ವಾಡೆಗಳು ಆ ದಿನ ಕುಸಿದವು. ತಂದೆಯವರ ಖೋಲಿಯೂ ಹೋಯಿತು. ಮೈಮೇಲಿನ ಬಟ್ಟೆಯಲ್ಲಿ ಹೊರಬಿದ್ದರು. ಅಂದಿನಿಂದ ಎತ್ತರದ ನೆಲದ ಮೇಲೆ ಸ್ವಂತದ ಒಂದು ಗೂಡು ಬೇಕೆಂದು ಅವರ ಮನಸ್ಸು ಹಿಡಿಯಿತು. ಕೆಲವು ವರ್ಷ ಪಗಾರದಲ್ಲಿ ಉಳಿಸಿ ಕೋಥರೂಡದ ಹಳೆಯ ಊರಿನಲ್ಲಿ ಒಂದು ಚಿಕ್ಕ ಹೆಂಚಿನ ಮನೆ ಕೊಂಡರು. ಇಂದು ವನಾಜದಿಂದ ಮೆಟ್ರೋ ಗಾಡಿ ಹೊರಡುವ ಈ ಭಾಗ ಆಗ ಊರಾಚೆಯ ಹಳ್ಳಿ, ಸುತ್ತಲೂ ಹೊಲ. ಕರ್ವೆ ರಸ್ತೆಯಲ್ಲಿ ಸೈಕಲ್ಲು ತುಳಿದು ಅವರು ಕಚೇರಿಗೆ ಹೋಗಿ ಬರುತ್ತಿದ್ದರು.

ಮನೆಯ ರೂಪ ಹೀಗಿತ್ತು. ಮುಂದೆ ರಸ್ತೆಗೆ ಒಂದು ಖೋಲಿ, ನಡುವೆ ಚೌಕ, ಚೌಕದ ಸುತ್ತ ಪಡಸಾಲೆ, ಹಿಂದೆ ಅಡಿಗೆಯ ಮನೆ. ಎರಡೂ ಪಕ್ಕದ ಗೋಡೆಗಳು ನೆರೆಯವರ ಗೋಡೆಗೆ ಹತ್ತಿದ್ದವು. ಅಲ್ಲಿ ಕಿಟಕಿ ಇಡುವ ಮಾತೇ ಇರಲಿಲ್ಲ. ಇಡೀ ಮನೆಗೆ ಬೆಳಕೂ ಗಾಳಿಯೂ ಬರುತ್ತಿದ್ದುದು ಆ ಚೌಕದಿಂದ. ಪುಣೆಯವರು ಚೌಕ ಎನ್ನುವುದನ್ನು ಮೈಸೂರು ಕಡೆಯವರು ತೊಟ್ಟಿ ಎನ್ನುತ್ತಾರೆ. ನಮ್ಮ ಬಯಲುಸೀಮೆಯ ಮಾಳಿಗೆ ಮನೆಗಳಲ್ಲಿ ಆ ಕೆಲಸವನ್ನೇ ಮಾಡಿನ ಬೆಳಕಿಂಡಿ ಮಾಡುತ್ತದೆ. ಮೂರರ ಹಿಂದೆಯೂ ಇರುವ ಬುದ್ಧಿ ಒಂದೇ: ಪಕ್ಕದಿಂದ ಬೆಳಕು ಸಿಗದಿದ್ದರೆ ಮೇಲಿನಿಂದ ತರಬೇಕು, ಮೇಲಿನಿಂದ ತರಬೇಕಾದರೆ ಅಷ್ಟು ಜಾಗವನ್ನು ಯಾರೂ ಬಳಸದೆ ಬಿಡಬೇಕು.

ತಮ್ಮನ ಮದುವೆಯಾದಾಗ ತಂದೆಯವರೇ ಆ ಚೌಕಕ್ಕೆ ತಗಡು ಹೊದಿಸಿ, ಅರ್ಧ ಇಟ್ಟಂಗಿಯ ಗೋಡೆ ಎಬ್ಬಿಸಿ, ಹೊಸ ದಂಪತಿಗಳಿಗೆ ಒಂದು ಖೋಲಿ ಮಾಡಿಕೊಟ್ಟರು. ಬೇರೆ ಉಪಾಯ ಇರಲಿಲ್ಲ. ಮಗನು ಬಾಡಿಗೆಯ ಮನೆಗೆ ಹೋಗಬಾರದು, ಎಲ್ಲರೂ ಒಂದೇ ಒಲೆಯ ಮೇಲೆ ಉಣ್ಣಬೇಕು ಎಂಬುದೇ ಅವರ ಆಶೆ. ನಮ್ಮ ಮನೆಗೆ ಕತ್ತಲೆ ಬಂದದ್ದು ಹೀಗೆ, ಮಮತೆಯ ಕೈಹಿಡಿದು. ಆಮೇಲೆ ಮಕ್ಕಳು ಹುಟ್ಟಿದರು, ಪೆಟ್ಟಿಗೆಗಳು ಹೆಚ್ಚಿದವು, ಪಡಸಾಲೆಯಲ್ಲಿ ಕಪಾಟುಗಳು ನಿಂತವು. ಅಡಿಗೆಯ ಮನೆಗೆ ಹಿತ್ತಲ ಓಣಿಯ ಕಡೆ ಒಂದು ಸಣ್ಣ ಕಿಟಕಿ ಇತ್ತು. ನಾಲ್ಕಡಿಯ ಆ ಓಣಿಯ ಆಚೆ ಮೂರು ಮಜಲಿನ ಕಟ್ಟಡ ಎದ್ದ ಮೇಲೆ ಅದೂ ಕುರುಡಾಯಿತು. ಹಗಲು ಹನ್ನೆರಡಕ್ಕೂ ದೀಪ ಹಚ್ಚುವುದು ನಮಗೆ ರೂಢಿಯಾಯಿತು. ರೂಢಿಯಾದ ಮೇಲೆ ಅದು ಕತ್ತಲೆ ಎಂದು ಯಾರಿಗೂ ತೋರಲಿಲ್ಲ.

ತೋರಿದ್ದು ತಾಯಿಯವರು ಬಿದ್ದಾಗ. ಅಡಿಗೆಯ ಮನೆಯಿಂದ ಪಡಸಾಲೆಗೆ ಇಳಿಯುವಲ್ಲಿ ಒಂದು ಗೇಣಿನ ಮೆಟ್ಟಿಲು ಇದೆ. ಐವತ್ತು ವರ್ಷ ಇಳಿದ ಮೆಟ್ಟಿಲು. ಒಂದು ಮಧ್ಯಾಹ್ನ ವಿದ್ಯುತ್ತು ಹೋಗಿದ್ದಾಗ ಅಲ್ಲಿ ತಪ್ಪಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಕಣ್ಣು ಮಂಜಾಗಿದೆ, ವಯಸ್ಸಾಯಿತು ಎಂದು ನಾವೂ ಅಂದೆವು, ಅವರೂ ಅಂದರು. ಕೈಗೆ ಪಟ್ಟಿ ಹಾಕಿಸಿ ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಅವರು ನೋಡಿ, ಮೋತಿಬಿಂದು ತೆಗೆಸಿದ ಮೇಲೆ ಕಣ್ಣು ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಇದೆ, ಬಿದ್ದ ಜಾಗವನ್ನು ಹೋಗಿ ನೋಡಿಕೊಳ್ಳಿರಿ ಎಂದರು. ಮುಪ್ಪಿನ ಕಣ್ಣಿಗೆ ಹರೆಯದ ಕಣ್ಣಿಗಿಂತ ಹೆಚ್ಚು ಬೆಳಕು ಬೇಕು. ನಾವು ಮಾಡಿದ್ದು ಇದಕ್ಕೆ ವಿರುದ್ಧ: ಮನೆಯಲ್ಲಿ ಎಲ್ಲರಿಗಿಂತ ಹಿರಿಯರನ್ನು ಎಲ್ಲಕ್ಕಿಂತ ಕತ್ತಲೆಯ ಮೂಲೆಯಲ್ಲಿ ಕೂಡಿಸಿದ್ದೆವು. ಬಂಧುಗಳೇ, ನಿಮ್ಮ ನಿಮ್ಮ ಮನೆಗಳನ್ನೊಮ್ಮೆ ನೆನೆಸಿಕೊಳ್ಳಿರಿ. ದೊಡ್ಡ ಕಿಟಕಿ ಬಂದವರು ಕೂಡುವ ಖೋಲಿಗೆ. ದಿನಕ್ಕೆ ಎಂಟು ತಾಸು ದುಡಿಯುವ ಹೆಣ್ಣುಮಕ್ಕಳಿಗೆ ಹೊಗೆ ಹಿಡಿದ ಮೂಲೆ. ಇದು ನಮ್ಮೊಬ್ಬರ ಮನೆಯ ಕಥೆಯಾಗಿರಲಾರದು.

ಮೆಟ್ಟಿಲು ಸರಿಪಡಿಸಲು ಯಾದಗಿರಿ ಕಡೆಯ ಒಬ್ಬ ಗವಂಡಿಯನ್ನು ಕರೆಸಿದೆವು. ಆತ ಕೆಲಸಕ್ಕೆ ಕೈಹಚ್ಚುವ ಮೊದಲು ಮೇಲೆ ನೋಡಿ, “ಸಾಹೇಬರ, ಇಲ್ಲಿ ಮೊದಲು ಮುಗಿಲು ಇತ್ತೇನ್ರಿ?” ಎಂದು ಕೇಳಿದ. ಹೌದು ಎಂದೆವು. “ಮೆಟ್ಟಲಾ ಏನೂ ತಪ್ಪು ಮಾಡಿಲ್ಲರಿ. ಮುಗಿಲು ತೆಗೀರಿ,” ಎಂದ. ಇಷ್ಟು ಸಣ್ಣ ಮಾತು ನಮಗೆ ಅಷ್ಟು ವರ್ಷ ಹೊಳೆದಿರಲಿಲ್ಲ.

ಮುಗಿಲು ತೆಗೆಯಬೇಕಾದರೆ ತಮ್ಮನ ಖೋಲಿ ಹೋಗಬೇಕು. ಜಗಳ ಹತ್ತಿದ್ದು ಅಲ್ಲಿ. “ಬೆಳಕು ಎಲ್ಲರಿಗೆ, ಖೋಲಿ ಹೋಗುವುದು ನಮ್ಮೊಬ್ಬರದು,” ಎಂದು ತಮ್ಮ ಹೇಳಿದ. ಮಾತಿನಲ್ಲಿ ನ್ಯಾಯವಿತ್ತು. ಅದಕ್ಕಿಂತ ಇಡೀ ಮನೆಯನ್ನು ಒಬ್ಬ ಬಿಲ್ಡರನಿಗೆ ಕೊಟ್ಟು, ಬಂದ ಹಣವನ್ನು ಹಂಚಿಕೊಂಡು, ಬೇರೆ ಬೇರೆ ಫ್ಲಾಟಿಗೆ ಹೋಗೋಣ ಎಂದ. ನಾವು ಹಿರಿಯತನದ ಮಾತು ಆಡಿದೆವು. ಅದು ಯಾವ ಮನೆಯಲ್ಲಿಯೂ ಕೆಲಸಕ್ಕೆ ಬರುವ ಮಾತಲ್ಲ. ಮೂರು ವಾರ ಅಣ್ಣತಮ್ಮಂದಿರು ಮಾತು ಬಿಟ್ಟೆವು. ತಾಯಿಯವರು, “ನನ್ನ ಸಲುವಾಗಿ ಯಾರ ಖೋಲಿಯೂ ಬೇಡ, ನಾನು ಹೊರಗಿನ ಕಟ್ಟೆಯ ಮೇಲೆ ಕೂತಿರತೇನಿ,” ಎಂದು ಅಂದರು. ಅಂದು ರಾತ್ರಿ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ.

ದಾರಿ ತೋರಿಸಿದವಳು ಹಿರಿಯ ಸೊಸೆ. ಮುಂದಿನ ಖೋಲಿಯ ಕೀಲಿ ತೆಗೆದು ಸೋಫಾ ತೋರಿಸಿ, ಹಿಂದಿನ ವರ್ಷ ಇದರ ಮೇಲೆ ಎಷ್ಟು ಸಲ ಯಾರು ಕುಳಿತರು, ಲೆಕ್ಕದವರಲ್ಲವೆ, ಲೆಕ್ಕ ಹೇಳಿರಿ ಎಂದಳು. ನಾವು ಕ್ಯಾಲೆಂಡರು ಹಿಡಿದು ಎಣಿಸಿದೆವು. ಹಬ್ಬ ಹುಣ್ಣಿವೆ ಎಲ್ಲ ಕೂಡಿ ಹನ್ನೊಂದು ಸಲ. ಹತ್ತು ಅಡಿಗೆ ಹನ್ನೆರಡು ಅಡಿಯ, ರಸ್ತೆಗೆ ದೊಡ್ಡ ಕಿಟಕಿಯಿದ್ದ, ಮನೆಯಲ್ಲೇ ಒಳ್ಳೆಯ ಆ ಖೋಲಿಯನ್ನು ವರ್ಷದಲ್ಲಿ ಮುನ್ನೂರ ಐವತ್ತನಾಲ್ಕು ದಿನ ಕೀಲಿ ಹಾಕಿ ಇಟ್ಟುಕೊಂಡು ನಾವು ತಮ್ಮನಿಗೆ ತ್ಯಾಗದ ಪಾಠ ಹೇಳುತ್ತಿದ್ದೆವು. ನಾಚಿಕೆಯಾಯಿತು. ಮುಂದಿನ ಖೋಲಿ ತಮ್ಮನಿಗೆ ಎಂದು ಅಂದೇ ಗೊತ್ತುಮಾಡಿದೆವು. ಬಂದವರು ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂಡಲಿ. ಬಿಲ್ಡರನ ಮಾತು ಅಲ್ಲಿಗೆ ನಿಂತಿತು.

ಇನ್ನು ಕೆಲಸದ ವಿವರ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇವೆ, ಏಕೆಂದರೆ ಹುರುಪಿನಲ್ಲಿ ಗೋಡೆ ಒಡೆದು ಮಾಡು ಕೆಡವಿಕೊಂಡವರಿದ್ದಾರೆ.

ಮೊದಲನೆಯದು, ಒಡೆಯುವ ಮುಂಚೆ ತಿಳಿದ ಎಂಜಿನಿಯರರಿಗೆ ತೋರಿಸಬೇಕು. ನಗರಪಾಲಿಕೆಯ ಪರವಾನಗಿ ಬೇಕೋ ಎಂದು ಕೇಳಬೇಕು. ಅಡಿಗೆಯ ಮನೆಯ ಗೋಡೆಯನ್ನು ಪೂರ್ತಿ ತೆಗೆಯಬೇಕೆಂದು ನಮ್ಮ ಮನಸ್ಸಿನಲ್ಲಿತ್ತು. ಆ ಗೋಡೆಯ ಮೇಲೆ ತೊಲೆ ಕುಳಿತಿದೆ, ಅದನ್ನು ಮುಟ್ಟಬೇಡಿರಿ ಎಂದು ಎಂಜಿನಿಯರರು ತಡೆದರು. ಮೊದಲು ಆನಿಕೆ ಕೊಟ್ಟು, ಮೇಲೆ ಲಿಂಟೆಲ್ ಕೂಡಿಸಿ, ಆಮೇಲೆ ಕೆಳಗೆ ನಾಲ್ಕಡಿಯ ಒಂದು ತೆರಪನ್ನು ಮಾತ್ರ ಬಿಡಿಸಿದೆವು. ಭಾರ ಹೊರದ ಅರ್ಧ ಇಟ್ಟಂಗಿಯ ಗೋಡೆಯನ್ನು ಪೂರ್ತಿ ತೆಗೆದೆವು. ಎರಡೂ ನೋಡಲು ಗೋಡೆಗಳೇ. ಒಂದು ಹೊರುತ್ತದೆ, ಒಂದು ಬರಿದೆ ಅಡ್ಡ ನಿಲ್ಲುತ್ತದೆ.

ಎರಡನೆಯದು ಚೌಕ. ತಗಡು ಕಿತ್ತು, ಎಂಟಡಿಗೆ ಒಂಬತ್ತಡಿಯ ಆ ಜಾಗದ ಮೇಲೆ ಸುತ್ತಲಿನ ಹೆಂಚಿಗಿಂತ ಎರಡಡಿ ಎತ್ತರಕ್ಕೆ ಒಂದು ಸಣ್ಣ ಮಾಡು ನಿಲ್ಲಿಸಿದೆವು. ಅದರ ಉತ್ತರದ ಇಳಿಜಾರಿಗೆ ಗಾಜು, ದಕ್ಷಿಣಕ್ಕೆ ಹೆಂಚು, ನಾಲ್ಕೂ ಬದಿಗೆ ಗಾಳಿಯಾಡುವ ಪಟ್ಟಿಗಳು. ಉತ್ತರಕ್ಕೆ ಏಕೆಂದರೆ ಪುಣೆಯಲ್ಲಿ ಮಧ್ಯಾಹ್ನದ ಸೂರ್ಯ ವರ್ಷದ ಬಹುಭಾಗ ದಕ್ಷಿಣಕ್ಕೆ ಇರುತ್ತಾನೆ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಮಾತ್ರ ನೆತ್ತಿಯಿಂದ ತುಸು ಉತ್ತರಕ್ಕೆ ಸರಿಯುತ್ತಾನೆ. ಆದ್ದರಿಂದ ಉತ್ತರದ ಗಾಜಿನಿಂದ ಬೆಳಕು ಬರುತ್ತದೆ, ಬಿಸಿಲಿನ ಕಾವು ಕಡಿಮೆ. ಬಿಸಿಯಾದ ಗಾಳಿ ಹಗುರಾಗಿ ಮೇಲೇರಿ ಪಟ್ಟಿಗಳಿಂದ ಹೊರಬೀಳುತ್ತದೆ. ಅದರ ಜಾಗಕ್ಕೆ ಕೆಳಗಿನ ಬಾಗಿಲಿನಿಂದ ತಂಪು ಗಾಳಿ ಒಳಬರುತ್ತದೆ. ನಾವು ಒಂದು ತಪ್ಪನ್ನೂ ಮಾಡಿದೆವು. ಸುತ್ತಲಿನ ಸೂರನ್ನು ಗಿಡ್ಡ ಮಾಡಿದ್ದರಿಂದ ಮೊದಲನೆಯ ಮಳೆಯಲ್ಲಿಯೇ ಇರಚಲು ಹೊಡೆದು ಪಡಸಾಲೆ ತೊಯ್ದಿತು. ಒಂದೂವರೆ ಅಡಿ ಸೂರು ಮುಂದೆ ಚಾಚಿದ ಮೇಲೆ ಸರಿಯಾಯಿತು. ಇಂಥ ಕೆಲಸವನ್ನು ದೀಪಾವಳಿ ಕಳೆದು ಆರಂಭಿಸಿ ಹೋಳಿಯೊಳಗೆ ಮುಗಿಸಬೇಕು.

ಮೂರನೆಯದಕ್ಕೆ ಹಣವೇ ಬೇಡ. ಅಟ್ಟದಿಂದ ಹಿಡಿದು ಕಪಾಟಿನವರೆಗೆ ಬೇಡದ ಸಾಮಾನು ತೆಗೆದೆವು. ಮೂರು ಟೆಂಪೋ ತುಂಬಿತು. ನಮಗೆ ಜಾಗ ಸಾಲದು ಎಂದು ಮೂವತ್ತು ವರ್ಷ ಗೊಣಗಿದ್ದೆವು. ಆ ಜಾಗವೆಲ್ಲ ಒಡೆದ ಕುರ್ಚಿಗೂ ತೂತು ಬಿದ್ದ ಹಂಡೆಗೂ ಸಂದಿತ್ತು. ಕೊನೆಗೆ ಗೋಡೆಗೆ ಬಿಳಿಯ ಸುಣ್ಣ. ಹೊಸ ಸುಣ್ಣದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ೮೦ ಪಾಲನ್ನು ತಿರುಗಿ ಖೋಲಿಗೆ ಕೊಡುತ್ತದೆ. ಮಸಿ ಹಿಡಿದ ಗೋಡೆ ಬಹುಪಾಲು ನುಂಗಿಬಿಡುತ್ತದೆ.

ಬಂಧುಗಳೇ, ನಮ್ಮ ಮನೆಯಲ್ಲಿ ನಡೆದ ಈ ಜಗಳ ಹಿಂದೆ ಊರುಗಳಲ್ಲಿಯೇ ನಡೆದಿದೆ. ೧೮೯೬ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಮರುವರ್ಷ ಪುಣೆಯನ್ನು ನಡುಗಿಸಿತು. ಕತ್ತಲೆಯ ಕಿಕ್ಕಿರಿದ ಮನೆಗಳೇ ರೋಗದ ಗೂಡು ಎಂದು ಆಗಿನ ಸರಕಾರದವರು ಮುಂಬಯಿಯಲ್ಲಿ ಹೆಂಚು ತೆಗೆಸಿ, ಗೋಡೆಗೆ ತೂತು ಹೊಡೆಸಿ ಬೆಳಕು ಬಿಡಿಸಿದರು. ಪುಣೆಯಲ್ಲಿ ಸಿಪಾಯಿಗಳನ್ನು ಮನೆಮನೆಗೆ ನುಗ್ಗಿಸಿದರು. ಜನರ ಮನಸ್ಸು ಕೇಳದೆ ಮಾಡಿದ ಆ ಕೆಲಸದಿಂದ ಹುಟ್ಟಿದ ರೋಷ ೧೮೯೭ರ ಜೂನ್ ೨೨ರಂದು ಪ್ಲೇಗಿನ ಅಧಿಕಾರಿ ರ‍್ಯಾಂಡನ ಮೇಲೆ ಚಾಪೇಕರ ಸೋದರರು ಗುಂಡು ಹಾರಿಸುವವರೆಗೆ ಹೋಯಿತು. ಅದೇ ವರ್ಷದ ಮಾರ್ಚ್ ೧೦ರಂದು, ಇದೇ ಪುಣೆಯಲ್ಲಿ, ಪ್ಲೇಗಿನ ರೋಗಿಗಳ ಶುಶ್ರೂಷೆ ಮಾಡುತ್ತಲೇ ಸಾವಿತ್ರಿಬಾಯಿ ಫುಲೆಯವರು ತೀರಿಕೊಂಡಿದ್ದರು. ಮನೆಯೊಳಗೆ ಪ್ರೀತಿಯಿಂದ ಕಾಲಿಟ್ಟವರಿಗೂ ಬಲದಿಂದ ಕಾಲಿಟ್ಟವರಿಗೂ ಇದ್ದ ಅಂತರ ಇಷ್ಟು.

ಪ್ಲೇಗಿನ ತರುವಾಯ ೧೮೯೮ರಲ್ಲಿ ಮುಂಬಯಿಯಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ಸಂಸ್ಥೆ ಹುಟ್ಟಿತು. ೧೯೧೨ರಲ್ಲಿ ಅದರ ಅಧ್ಯಕ್ಷರಾಗಿದ್ದ ಓರ್ ಅವರು ಮುಂಬಯಿಯ ಮನೆಗಳಲ್ಲಿ ಬೆಳಕು ಗಾಳಿ ಎಂಬ ವಿಷಯದ ಮೇಲೆಯೇ ಒಂದು ಭಾಷಣ ಮಾಡಿದರು. ಅವರು ಹಿಡಿದು ನಡೆಸಿದ ನಿಯಮಕ್ಕೆ ಅರವತ್ತಮೂರೂವರೆ ಅಂಶದ ನಿಯಮ ಎಂದು ಹೆಸರು. ಗಣಿತ ಬಿಟ್ಟು ಹೇಳಿದರೆ ಅದರ ಅರ್ಥ ಇಷ್ಟೆ: ಎದುರಿನ ಕಟ್ಟಡದ ಎತ್ತರ ನಡುವೆ ಬಿಟ್ಟ ಜಾಗದ ಎರಡು ಪಟ್ಟಿಗಿಂತ ಹೆಚ್ಚಾಗಬಾರದು. ಮೂವತ್ತು ಅಡಿ ಎತ್ತರಕ್ಕೆ ಹದಿನೈದು ಅಡಿ ಜಾಗ ಬಿಡಬೇಕು. ನಮ್ಮ ಹಿತ್ತಲ ನಾಲ್ಕಡಿಯ ಓಣಿಗೆ ಈ ಲೆಕ್ಕ ಹಚ್ಚಿದರೆ ಆಚೆಯ ಗೋಡೆ ಎಂಟೇ ಅಡಿ ಏಳಬಹುದಾಗಿತ್ತು!

ಬೆಂಗಳೂರಿನಲ್ಲಿ ೧೮೯೮ರ ಪ್ಲೇಗಿನ ಹೊತ್ತಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಅಗಲ ಬೀದಿಗಳ ಹೊಸ ಬಡಾವಣೆಗಳಾಗಿ ಬೆಳೆದವು. ಅವರಿಗೆ ಹೊಸ ಜಾಗ ಇತ್ತು. ಹಳೆಯ ಊರಿನಲ್ಲಿಯೇ ಇರಬೇಕಾದವರ ಗತಿ ಏನು? ಇದಕ್ಕೆ ಪ್ಯಾಟ್ರಿಕ್ ಗೆಡ್ಡೆಸ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸರು ಉತ್ತರ ಹೇಳಿದರು. ಅವರು ೧೯೧೪ರಲ್ಲಿ ಭಾರತಕ್ಕೆ ಬಂದು ಊರೂರು ನಡೆದು ನೋಡಿದವರು. ೧೯೧೯ರಿಂದ ಕೆಲವು ವರ್ಷ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಇಡೀ ಕೇರಿಯನ್ನು ನೆಲಸಮ ಮಾಡಿ ಬಡವರನ್ನು ಹೊರಹಾಕಬೇಡಿರಿ. ಪಾಳು ಬಿದ್ದ ಒಂದೆರಡು ಮನೆ ತೆಗೆದು, ಅಲ್ಲೊಂದು ಬಯಲು ಬಿಟ್ಟು, ಒಂದು ಮರ ನೆಟ್ಟರೆ ಸುತ್ತಲಿನ ಮನೆಗಳಿಗೆಲ್ಲ ಉಸಿರು ಬರುತ್ತದೆ ಎಂಬುದು ಅವರ ಮತ. ನಮ್ಮ ಗವಂಡಿ ಹೇಳಿದ್ದೂ ಅದನ್ನೇ.

ಈಗ ನಿಮ್ಮ ಮಾತಿಗೆ ಬರುತ್ತೇವೆ. ಇಲ್ಲಿರುವವರಲ್ಲಿ ಬಹಳ ಜನಕ್ಕೆ ಪುಣೆಯಲ್ಲಿ ಸ್ವಂತ ಮನೆಯಿಲ್ಲ. ಬಾಡಿಗೆಯ ಒಂದು ಖೋಲಿ, ಇಲ್ಲವೆ ಕೆಲಸದ ಜಾಗದ ತಗಡಿನ ಶೆಡ್ಡು. ಪರರಿಗೆ ದೊಡ್ಡ ದೊಡ್ಡ ಕಿಟಕಿಯ ಮನೆ ಕಟ್ಟಿ ಸಂಜೆ ತಾವು ಕಿಟಕಿಯಿಲ್ಲದ ಶೆಡ್ಡಿಗೆ ಹೋಗುವವರ ಎದುರಿಗೆ ಈ ಭಾಷಣ ಮಾಡಲು ನಮಗೆ ಸಂಕೋಚವಿದೆ. ಬಾಡಿಗೆಯ ಖೋಲಿಯಲ್ಲಿಯೂ ಮಾಡಬಹುದಾದುದು ಕೆಲವು: ಕಿಟಕಿಗೆ ಅಡ್ಡ ಇಟ್ಟ ಪೆಟ್ಟಿಗೆ ಸರಿಸುವುದು, ಗೋಡೆಗೆ ಸುಣ್ಣ ಹೊಡೆಯುವುದು, ಬಾಗಿಲಿಗೆ ಎದುರಾಗಿ ಒಂದು ಕಿಂಡಿ ಕೇಳಿ ಬಿಡಿಸಿಕೊಳ್ಳುವುದು. ಗಾಳಿಗೆ ಒಳಬರುವ ದಾರಿಯಷ್ಟೇ ಸಾಲದು, ಹೊರಹೋಗುವ ದಾರಿಯೂ ಬೇಕು. ಕ್ಷಯದ ಕ್ರಿಮಿಯನ್ನು ೧೮೮೨ರಲ್ಲಿ ಕಂಡುಹಿಡಿದ ರಾಬರ್ಟ್ ಕಾಕ್ ಎಂಬ ವೈದ್ಯರೇ ಬಿಸಿಲು ಆ ಕ್ರಿಮಿಯನ್ನು ಕೊಲ್ಲುತ್ತದೆ ಎಂದೂ ತಿಳಿಸಿದರು. ಎಂಟು ಜನ ಮಲಗುವ ಖೋಲಿಯಲ್ಲಿ ಒಬ್ಬರ ಕೆಮ್ಮು ಎಲ್ಲರದಾಗುತ್ತದೆ. ಕಿಂಡಿ ಅಲ್ಲಿ ಚೈನಿಯ ವಸ್ತುವಲ್ಲ.

ಆದರೆ ಊರಿನಲ್ಲಿ ನಿಮಗೆ ಮನೆ ಇದೆ. ಇಲ್ಲಿಂದ ಪಗಾರ ಕಳಿಸಿ ಆ ಮನೆಯನ್ನು ಹೊಸದು ಮಾಡಿಸುತ್ತೀರಿ. ಅಲ್ಲಿ ಒಂದು ಮಾತು ನೆನಪಿಡಿರಿ. ಅಜ್ಜನ ಕಾಲದ ಮಣ್ಣಿನ ಮಾಳಿಗೆ ತೆಗೆದು ಸಿಮೆಂಟಿನ ಸ್ಲ್ಯಾಬು ಹಾಕಿಸುವಾಗ, ಮಣ್ಣಿನ ಜೊತೆಗೆ ಬೆಳಕಿಂಡಿಯೂ ಹೋಗಿಬಿಡುತ್ತದೆ. ನಡುಮನೆ ಕತ್ತಲೆಯ ಪೆಟ್ಟಿಗೆಯಾಗುತ್ತದೆ. ಬೇಸಿಗೆಯಲ್ಲಿ ಸ್ಲ್ಯಾಬು ಕಾದ ಹಂಚಿನಂತೆ ರಾತ್ರಿಯೆಲ್ಲ ಬಿಸಿ ಸುರಿಸುತ್ತದೆ. ಸಳಿ ಕಟ್ಟುವ ಮೊದಲೇ ಹೇಳಿ ಎರಡಡಿ ಚೌಕದ ಒಂದು ಬೆಳಕಿಂಡಿ ಬಿಡಿಸಿರಿ. ಸುತ್ತಲೂ ಗೇಣೆತ್ತರದ ಕಟ್ಟೆ, ಮೇಲೆ ಕಂಬಿ, ಗಾಜು. ಸ್ಲ್ಯಾಬು ಬಿದ್ದ ಮೇಲೆ ಕೊರೆಯಲು ಹೋಗಬೇಡಿರಿ. ಸಳಿ ಕಡಿದರೆ ಮಾಡಿನ ಬಲ ಹೋಗುತ್ತದೆ. ಹೆಂಚಿನ ಮನೆಯವರಿಗೆ ಇನ್ನೂ ಸುಲಭ. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಆ ಮಾದರಿಯ ಹೆಂಚಿಗೆ ಅದೇ ಅಚ್ಚಿನ ಗಾಜಿನ ಹೆಂಚೂ ಸಿಗುತ್ತದೆ. ಎರಡು ತೆಗೆದು ಎರಡು ಇಟ್ಟರೆ ಕೆಲಸವಾಯಿತು. ಕಿಟಕಿಗೂ ಒಂದು ಲೆಕ್ಕವಿದೆ. ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆಯು ಒಣ ಬಿಸಿಲಿನ ಸೀಮೆಗೆ ನೆಲದ ಹತ್ತನೆಯ ಒಂದು ಪಾಲು, ತೇವದ ಬಿಸಿಲಿನ ಸೀಮೆಗೆ ಆರನೆಯ ಒಂದು ಪಾಲು ತೆರಪು ಬೇಕೆನ್ನುತ್ತದೆ. ಹತ್ತಕ್ಕೆ ಹನ್ನೆರಡರ ಖೋಲಿ ನೂರ ಇಪ್ಪತ್ತು ಚದರಡಿ. ಅದಕ್ಕೆ ಕಡಿಮೆಯೆಂದರೆ ಮೂರಕ್ಕೆ ನಾಲ್ಕಡಿಯ ಒಂದು ಕಿಟಕಿ. ಅಡಿಗೆಯ ಮನೆಗೂ ಈ ಲೆಕ್ಕವನ್ನು ತಪ್ಪದೆ ಹಚ್ಚಿರಿ.

ನಮ್ಮ ಮನೆಯ ಕಥೆ ಮುಗಿಸುತ್ತೇವೆ. ಈಗ ತಾಯಿಯವರು ಬೆಳಿಗ್ಗೆ ಹತ್ತು ಗಂಟೆಗೆ ಚೌಕದಲ್ಲಿ ಮೊರ ಹಿಡಿದು ಕೂಡುತ್ತಾರೆ. ದೀಪವಿಲ್ಲದೆ ಅಕ್ಕಿಯಲ್ಲಿನ ಹರಳು ಆರಿಸುತ್ತಾರೆ. ತಮ್ಮನ ಮಗಳು ಅಲ್ಲಿಯೇ ಓದುತ್ತಾಳೆ. ಮುರಿದ ಮಣಿಕಟ್ಟು ಚಳಿಗಾಲದಲ್ಲಿ ಇನ್ನೂ ನೋಯುತ್ತದೆ. ಬೆಳಕು ಎರಡು ವರ್ಷ ಮೊದಲು ಬಂದಿದ್ದರೆ ಆ ನೋವು ಇರುತ್ತಿರಲಿಲ್ಲ. ಮನೆಯ ಅಳತೆ ಒಂದು ಅಂಗುಲವೂ ಹೆಚ್ಚಿಲ್ಲ. ಆದರೂ ಬಂದವರೆಲ್ಲ ಮನೆ ದೊಡ್ಡದಾಯಿತಲ್ಲ ಎನ್ನುತ್ತಾರೆ. ಬೆಳಕನ್ನು ಯಾರೂ ಮಾರುವುದಿಲ್ಲ. ಅದಕ್ಕೆ ಕೊಡಬೇಕಾದ ಬೆಲೆ ಜಾಗ, ಆ ಜಾಗವನ್ನು ಯಾರಾದರೊಬ್ಬರು ತಮ್ಮ ಪಾಲಿನಿಂದ ಬಿಡಬೇಕು. ಮೊದಲು ಬಿಡಬೇಕಾದವರು ಹೆಚ್ಚು ಇಟ್ಟುಕೊಂಡವರು.

ಕಡೆಗೆ ಕಾರ್ಯದರ್ಶಿಗಳಲ್ಲಿ ಒಂದು ಅರಿಕೆ. ಈ ನಮ್ಮ ವಾಚನಾಲಯದ ಉತ್ತರದ ಕಿಟಕಿಗೆ ಅಡ್ಡವಾಗಿ ಹಳೆಯ ಮಾಸಿಕಗಳ ಕಪಾಟು ನಿಂತಿದೆ. ಅದರ ಬದಿಯ ಬಾಕಿನ ಮೇಲೆ ಕೂತವರು ಪತ್ರಿಕೆಯನ್ನು ಮೂಗಿಗೆ ಹಿಡಿದು ಓದುವುದನ್ನು ನಾವು ನೋಡಿದ್ದೇವೆ. ಕೂಟ ಮುಗಿದ ಮೇಲೆ ನಾಲ್ಕು ಜನ ನಿಂತರೆ ಅದನ್ನು ಒಳಗೋಡೆಗೆ ಸರಿಸಬಹುದು. ಅಲ್ಲಿರುವ ಅಧ್ಯಕ್ಷರ ದೊಡ್ಡ ಕುರ್ಚಿ ತುಸು ಪಕ್ಕಕ್ಕೆ ಹೋಗಬೇಕಾದೀತು; ಅವರು ಒಪ್ಪುತ್ತಾರೆಂದು ನಂಬಿದ್ದೇವೆ.